ಹಳೆಯ ಹಡಗೂ ಮೀನಿನ ಮನೆಯೂ

ನೌಕಾದಳದಲ್ಲಿ ಮೂವತ್ತೆಂಟು ವರ್ಷ ದುಡಿದು 2024ರ ಜನವರಿಯಲ್ಲಿ ನಿವೃತ್ತಿ ಹೊಂದಿದ ‘ಗುಲ್ದಾರ್’ ಹಡಗನ್ನು, 2025ರ ಫೆಬ್ರವರಿಯಲ್ಲಿ ನಮ್ಮ ಕಾರವಾರದಲ್ಲಿಯೇ ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮದವರಿಗೆ ಒಪ್ಪಿಸಲಾಯಿತು. ಸಿಂಧುದುರ್ಗ ಜಿಲ್ಲೆಯ ನಿವತಿ ಬಂಡೆಯ ಬಳಿ ಅದನ್ನು ಸಮುದ್ರದ ತಳಕ್ಕಿಳಿಸಿ, ಪ್ರವಾಸಿಗರಿಗೆ ನೋಟವನ್ನೂ ಮೀನುಗಳಿಗೆ ಮನೆಯನ್ನೂ ಒದಗಿಸಬೇಕೆಂಬುದು ಯೋಜನೆ. ಇದಕ್ಕೂ ಚೆನ್ನೈಯಲ್ಲಿ ದೋಸೆ ಹೊಯ್ಯುವ ನಮಗೂ ಏನು ಸಂಬಂಧವೆಂದು ಕೇಳುವ ಬಂಧುಗಳು ಇರಬಹುದು. ನಮ್ಮ ಹೋಟೆಲು ಕೆಲಸಗಾರರಲ್ಲಿ ಬಹುಮಂದಿ ಉಡುಪಿ, ಕುಂದಾಪುರದ ಕಡೆಯವರು. ಊರಿನ ಸುದ್ದಿಯೆಂದರೆ ಅವರಿಗೆ ಮೊದಲು ಮಳೆ, ಆಮೇಲೆ ಮೀನು. ಸಂಬಂಧ ಅಷ್ಟೇ ಅಲ್ಲ. ಅದನ್ನು ಮುಂದೆ ಹೇಳುತ್ತೇವೆ.

ಮೀನಿಗೆ ಮನೆ ಮಾಡಿಕೊಡುವುದು ಹೊಸ ವಿದ್ಯೆಯೇನೂ ಅಲ್ಲ. ಮರಳು ತಳದಲ್ಲಿ ಗಟ್ಟಿ ವಸ್ತುವೊಂದು ನಿಂತರೆ ಅದಕ್ಕೆ ಪಾಚಿ, ಚಿಪ್ಪು ಹತ್ತುತ್ತವೆ. ಅವನ್ನು ತಿನ್ನಲು ಸಣ್ಣ ಮೀನು, ಅದರ ಹಿಂದೆಯೇ ದೊಡ್ಡ ಮೀನು. ಈ ಕರಾವಳಿಯ ಬೆಸ್ತರು ಮರದ ಕೊಂಬೆಗಳಿಗೆ ಕಲ್ಲು ಕಟ್ಟಿ ಮುಳುಗಿಸುತ್ತಿದ್ದುದು ಇದೇ ಅನುಭವದಿಂದ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ತಮಿಳುನಾಡಿನ ಸಮುದ್ರದಲ್ಲಿ ಕಾಂಕ್ರೀಟಿನ ಬಳೆಗಳನ್ನೂ ಗೂಡುಗಳನ್ನೂ ಇಳಿಸಿದ್ದಾರೆ. ಹನ್ನೊಂದು ಕರಾವಳಿ ರಾಜ್ಯಗಳಲ್ಲಿ ಇಂಥ 732 ನೆಲೆಗಳಿಗಾಗಿ ಕೇಂದ್ರ ಸರಕಾರವು 126 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಇದರಿಂದ ಮೀನು ಹೆಚ್ಚುತ್ತದೆಯೋ ಅಥವಾ ಚದರಿದ್ದ ಮೀನು ಒಂದೆಡೆ ಕೂಡುತ್ತದೆಯೋ ಎಂದು ವಿಜ್ಞಾನಿಗಳಲ್ಲಿ ವಾದವಿದೆ. ಗಾಳ ಹಾಕುವ ಸಣ್ಣ ದೋಣಿಯವನಿಗಂತೂ ಇದು ಅನುಕೂಲವೆಂದೇ ನಮ್ಮ ಭಾವನೆ.

ಆದರೆ ಕಾಂಕ್ರೀಟು ಬೇರೆ, ಹಳೆಯ ಹಡಗು ಬೇರೆ. ಹಡಗಿನಲ್ಲಿ ಎಣ್ಣೆಯಿದೆ, ಸೀಸದ ಬಣ್ಣವಿದೆ, ಕೊಳವೆಗಳಿಗೆ ಸುತ್ತಿದ ಕಲ್ನಾರಿದೆ. ಅಮೆರಿಕದವರು 2006ರಲ್ಲಿ ‘ಒರಿಸ್ಕನಿ’ ಎಂಬ ಯುದ್ಧನೌಕೆಯನ್ನು ಫ್ಲಾರಿಡಾದ ಬಳಿ ಮುಳುಗಿಸುವ ಮುನ್ನ ಬಹಳ ಹಣ ಸುರಿದು ತೊಳೆದರು. ಆದರೂ ತಂತಿಗಳ ಹೊದಿಕೆಯಲ್ಲಿದ್ದ ವಿಷದ್ರವ್ಯವೆಲ್ಲ ಹೊರಬರಲಿಲ್ಲ. ಅದೇ ಫ್ಲಾರಿಡಾದಲ್ಲಿ 1972ರಲ್ಲಿ ಸುಮಾರು ಇಪ್ಪತ್ತು ಲಕ್ಷ ಹಳೆಯ ಟಯರುಗಳನ್ನು ಮೀನಿನ ಮನೆಯೆಂದು ಹೇಳಿ ಎಸೆದಿದ್ದರು. ಕಟ್ಟು ಬಿಚ್ಚಿಹೋಗಿ ಟಯರುಗಳು ಇದ್ದ ಹವಳವನ್ನೂ ಉಜ್ಜಿ ಕೆಡಿಸಿದವು. ಮುಂದೆ ಮುಳುಗುಗಾರರನ್ನಿಳಿಸಿ ಹೆಕ್ಕಿಸಬೇಕಾಯಿತು. ಕಸ ಚೆಲ್ಲುವುದಕ್ಕೆ ಒಳ್ಳೆಯ ಹೆಸರು ದೊರೆತರೆ ಹೀಗಾಗುತ್ತದೆ.

ಇನ್ನು ಎರಡು ಅಕ್ಕತಂಗಿ ಹಡಗುಗಳ ಕಥೆ. ಫ್ರಾನ್ಸಿನ ‘ಕ್ಲೆಮಾನ್ಸೊ’ ಎಂಬ ವಿಮಾನವಾಹಕ ನೌಕೆಯನ್ನು ಒಡೆಯಲು ಗುಜರಾತಿನ ಅಲಂಗಕ್ಕೆ ಕಳುಹಿಸಿದ್ದರು. ಅದರೊಳಗಿನ ಕಲ್ನಾರಿನ ವಿಚಾರವಾಗಿ ಗದ್ದಲವೆದ್ದು, 2006ರ ಫೆಬ್ರವರಿಯಲ್ಲಿ ಹಿಂದಕ್ಕೆ ಕರೆಸಿಕೊಂಡರು. ಕೊನೆಗೆ ಇಂಗ್ಲೆಂಡಿನಲ್ಲಿ ಅದನ್ನು ಬಿಚ್ಚಿದರು. ಅದರ ತಂಗಿ ಬ್ರೆಜಿಲ್ ದೇಶದ ಪಾಲಾಗಿ ‘ಸಾವೊ ಪೌಲೊ’ ಎನಿಸಿಕೊಂಡಿತ್ತು. ಯಾವ ಬಂದರೂ ಒಳಗೆ ಬಿಡದಿರಲು 2023ರ ಫೆಬ್ರವರಿಯಲ್ಲಿ ಕಲ್ನಾರಿನ ಸಮೇತ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿಸಿದರು. ಒಂದೇ ಹೊಟ್ಟೆಯ ಹಡಗುಗಳು. ಒಂದರ ವಿಷವನ್ನು ಕೆಲಸಗಾರರ ಕೈ ಹೊರಗೆ ತೆಗೆಯಿತು, ಇನ್ನೊಂದರದು ನೀರಿನೊಳಗೆ ಹೋಯಿತು.

ನಾವು ಹೇಳಬೇಕೆಂದಿದ್ದ ಸಂಬಂಧ ಇಲ್ಲಿದೆ. ಹಡಗನ್ನು ಮುಳುಗಿಸಿದರೂ ಒಡೆದರೂ ಅದರ ಹೊಲಸನ್ನು ಕೈಯಿಂದ ಮುಟ್ಟುವವನು ಕೂಲಿಯವನೇ. 2017ರ ಜನವರಿ 28ರಂದು ಎಣ್ಣೂರಿನ ಬಳಿ ಎರಡು ಹಡಗು ಡಿಕ್ಕಿಯಾಗಿ ಎಣ್ಣೆ ಚೆಲ್ಲಿದಾಗ ನಮ್ಮ ಈ ಊರಿನ ದಡದಲ್ಲಿ ಜನ ಬಕೇಟು ಹಿಡಿದು ಕಪ್ಪು ರಾಡಿಯನ್ನು ಎತ್ತಿಹಾಕಿದರು. 1996ರಲ್ಲಿ ಮುಚ್ಚಿದ ಪೆರಂಬೂರಿನ ಗಿರಣಿಯಲ್ಲಿ ದುಡಿದ ಮನೆತನದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತಿಯ ಧೂಳು ಎದೆಯಲ್ಲಿ ಹೇಗೆ ಕೂರುತ್ತದೆಂದು ಅವರು ಕಂಡವರು. ಕಲ್ನಾರಿನ ಧೂಳು ಅದಕ್ಕಿಂತಲೂ ಕ್ರೂರ. ರೋಗ ಕಾಣಿಸಿಕೊಳ್ಳುವುದು ಹತ್ತಾರು ವರ್ಷಗಳ ಮೇಲೆ. ಅಷ್ಟು ಹೊತ್ತಿಗೆ ಗುತ್ತಿಗೆದಾರನ ವಿಳಾಸವೂ ಇರುವುದಿಲ್ಲ.

ಹಾನಿಕರ ವಸ್ತುಗಳನ್ನೆಲ್ಲ ತೆಗೆದ ಮೇಲೆಯೇ ‘ಗುಲ್ದಾರ’ನ್ನು ಮುಳುಗಿಸುವುದೆಂದು ಸರಕಾರ ಪ್ರಕಟಿಸಿತ್ತು. ಮಾತು ಒಳ್ಳೆಯದೇ. ತೆಗೆಯುವವರು ಯಾರು, ಅವರಿಗೆ ಮುಖವಾಡ ಉಂಟೋ, ದಿನಗೂಲಿ ಎಷ್ಟು, ಮುಂದೆ ವೈದ್ಯಪರೀಕ್ಷೆ ಮಾಡಿಸುವವರು ಯಾರು ಎಂಬುದನ್ನೂ ಅದೇ ಪ್ರಕಟಣೆಯಲ್ಲಿ ಬರೆಯುವ ಪದ್ಧತಿ ಬರಬೇಕೆಂದು ನಾವು ಒತ್ತಾಯಿಸುತ್ತೇವೆ.

ಮುಳುಗಿಸುವ ಜಾಗವನ್ನು ಬೆಸ್ತರನ್ನು ಕೇಳಿಯೇ ಗೊತ್ತುಮಾಡಬೇಕು. 2021ರ ಜೂನ್ ತಿಂಗಳಲ್ಲಿ ಸಿಂಹಳದವರು ಹಳೆಯ ಬಸ್ಸುಗಳನ್ನು ಸಮುದ್ರಕ್ಕಿಳಿಸಿದಾಗ ರಾಮೇಶ್ವರದ ಕಡೆಯ ಮೀನುಗಾರರು ಬಲೆ ಹರಿದೀತೆಂದು ಕೂಗಿಕೊಂಡರು. ಬಸ್ಸು ನೀರಿಗೆ ಬಿದ್ದ ಮೇಲೆ ಕೇಳಿಸಿಕೊಂಡು ಪ್ರಯೋಜನವೇನು? ನಮ್ಮ ಕಡಲಿನಲ್ಲಿ ಇನ್ನೊಂದು ಹಡಗನ್ನು ಇಳಿಸುವ ಮಾತು ಬಂದರೆ, ಅದರೊಳಗೆ ಏನೇನಿತ್ತು, ಏನೇನು ತೆಗೆದರು, ಏನು ಉಳಿಯಿತು ಎಂಬ ಪಟ್ಟಿಯನ್ನು ಆಯಾ ಬಂದರಿನ ಜನ ಓದಬಲ್ಲ ಭಾಷೆಯಲ್ಲಿ, ಕಾಸಿಮೇಡಿನಲ್ಲಾದರೆ ತಮಿಳಿನಲ್ಲಿ, ಮಲ್ಪೆಯಲ್ಲಾದರೆ ಕನ್ನಡದಲ್ಲಿ, ಮೀನು ಹರಾಜಿನ ಕಟ್ಟೆಯ ಗೋಡೆಗೆ ಒಂದು ತಿಂಗಳು ಮುಂಚಿತವಾಗಿ ಅಂಟಿಸಲಿ.