ಪ್ರಯೋಗಶಾಲೆಯ ಕಿಟಕಿಯಿಂದ: ನಾಯಿಗಳ ಜಾತ್ರೆ

ಈ ದೇಶಕ್ಕೆ ಬಂದ ಹೊಸದರಲ್ಲಿ ನಮ್ಮವರನ್ನು ಬೆರಗುಗೊಳಿಸುವ ಸಂಗತಿಗಳು ಹಲವು. ಬಿಡದ ಜಿನುಗು ಮಳೆ, ಸಾಲಿನಲ್ಲಿ ನಿಲ್ಲುವ ಶಿಸ್ತು, ಬೇಸಿಗೆಯಲ್ಲಿ ರಾತ್ರಿ ಒಂಬತ್ತಾದರೂ ಮುಳುಗದ ಸೂರ್ಯ. ಆದರೆ ನಾಲ್ಕು ಜನ ಕನ್ನಡಿಗರು ಸೇರಿದ ಕಡೆ ತಪ್ಪದೆ ಬರುವ ಮಾತೆಂದರೆ ಇಲ್ಲಿ ನಾಯಿಗೆ ಸಲ್ಲುವ ಮರ್ಯಾದೆ. ನಾಯಿಗೆ ಕೋಟು, ನಾಯಿಗೆ ವಿಮೆ, ನಾಯಿಗೆ ಕ್ಷೌರದಂಗಡಿ. ಇವೆಲ್ಲ ಸಾಲದೆಂಬಂತೆ ನಾಯಿಗೆ ಪ್ರದರ್ಶನ, ಪದಕ, ಬಿರುದು! ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮಿನ ಎನ್.ಇ.ಸಿ. ಸಭಾಂಗಣಗಳಲ್ಲಿ ನಾಲ್ಕು ದಿನ ನಡೆಯುವ 'ಕ್ರಫ್ಟ್ಸ್' ಪ್ರದರ್ಶನವನ್ನು ಸದಸ್ಯರಲ್ಲಿ ಅನೇಕರು ಟೆಲಿವಿಷನ್ನಿನಲ್ಲಾದರೂ ನೋಡಿರುತ್ತೀರಿ. "ಈ ಜನ ನಸುಕಿಗೆ ಎದ್ದು, ನೂರು ಮೈಲಿ ಕಾರು ಓಡಿಸಿ, ನಾಯಿಯ ಹಲ್ಲು ಇನ್ನೊಬ್ಬರಿಗೆ ತೋರಿಸಿ ಬರುತ್ತಾರಲ್ಲ, ಇದರಲ್ಲಿ ಏನು ಸುಖ?" ಎಂದು ಕೆಲವರು ನಮ್ಮನ್ನು ಕೇಳಿದ್ದುಂಟು. ಈ ಸಲ ನಮ್ಮ ಕಿಟಕಿಯನ್ನು ಆ ಕಡೆಗೆ ತೆರೆದಿದ್ದೇವೆ.

ಮೊದಲು ಸ್ವಲ್ಪ ಚರಿತ್ರೆ. ನಾಯಿಗಳ ಮೊದಲ ವ್ಯವಸ್ಥಿತ ಪ್ರದರ್ಶನ ನಡೆದದ್ದು 1859ರ ಜೂನ್ ತಿಂಗಳಲ್ಲಿ, ನ್ಯೂಕಾಸಲ್ ನಗರದಲ್ಲಿ. ಬೇಟೆಗೆ ಬಳಸುವ ಪಾಯಿಂಟರ್, ಸೆಟ್ಟರ್ ಎಂಬ ಎರಡೇ ತಳಿಗಳಿಗೆ ಅಲ್ಲಿ ಪ್ರವೇಶ. ಬಹುಮಾನವಾಗಿ ಕೊಟ್ಟದ್ದು ಕೋವಿ! ಸ್ವಾರಸ್ಯವೆಂದರೆ ಪಾಯಿಂಟರ್‌ಗಳ ತೀರ್ಪುಗಾರರೊಬ್ಬರ ಸೆಟ್ಟರ್ ಗೆದ್ದಿತು, ಸೆಟ್ಟರ್‌ಗಳ ತೀರ್ಪುಗಾರರೊಬ್ಬರ ಪಾಯಿಂಟರ್ ಗೆದ್ದಿತು. ಇಂಥ ಜಾತ್ರೆಗೊಂದು ಕಟ್ಟುಪಾಡು ಬೇಕೆಂದು 1873ರಲ್ಲಿ ಕೆನಲ್ ಕ್ಲಬ್ ಹುಟ್ಟಿಕೊಂಡಿತು. ಚಾರ್ಲ್ಸ್ ಕ್ರಫ್ಟ್ ಎಂಬಾತ ನಾಯಿ ಬಿಸ್ಕತ್ತು ಮಾರುವ ಕಂಪನಿಯ ನೌಕರ, ಜಾಣ ವ್ಯಾಪಾರಿ. ತನ್ನ ಹೆಸರಿನ ಪ್ರದರ್ಶನವನ್ನು 1891ರಲ್ಲಿ ಲಂಡನ್ನಿನ ಇಸ್ಲಿಂಗ್ಟನ್ನಿನಲ್ಲಿ ಆರಂಭಿಸಿದ. ಆತ 1938ರಲ್ಲಿ ತೀರಿಕೊಂಡ ಮೇಲೆ ಕೆಲಕಾಲದಲ್ಲೇ ಅದು ಕೆನಲ್ ಕ್ಲಬ್ಬಿನ ಕೈಗೆ ಬಂತು. 1991ರಿಂದ ಬರ್ಮಿಂಗ್‌ಹ್ಯಾಮೇ ಅದರ ಠಿಕಾಣಿ. ಈಗ ಅಲ್ಲಿ ಸೇರುವ ನಾಯಿಗಳ ಸಂಖ್ಯೆ ಇಪ್ಪತ್ತು ಸಾವಿರದ ಆಸುಪಾಸು.

ಊರಿನಿಂದ ಬಂದಿದ್ದ ನಮ್ಮ ಸೋದರಮಾವನವರನ್ನು ಒಮ್ಮೆ ಇಂಥ ಒಂದು ಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದೆವು. ಅವರು ದೊಡ್ಡಬಳ್ಳಾಪುರದ ಕಡೆಯ ರೈತರು. ಹತ್ತು ನಿಮಿಷ ಸುಮ್ಮನೆ ನೋಡಿ, "ಏನ್ರಪ್ಪಾ, ಇದು ನಮ್ಮ ಘಾಟಿ ದನದ ಜಾತ್ರೆ ಇದ್ದ ಹಾಗೇ ಇದೆಯಲ್ಲ! ಎತ್ತಿನ ಬದಲು ನಾಯಿ, ಅಷ್ಟೇ" ಎಂದುಬಿಟ್ಟರು. ಎಷ್ಟು ಪುಸ್ತಕ ಓದಿದ್ದರೂ ನಮಗೆ ಹೊಳೆಯದಿದ್ದ ಮಾತು ಅದು. ಘಾಟಿ ಸುಬ್ರಹ್ಮಣ್ಯದಲ್ಲಿ ಹಳ್ಳಿಕಾರ್ ಜೋಡಿಗೆ ಚಪ್ಪರ ಹಾಕಿ, ಮೈ ತೊಳೆದು, ಕೊಂಬಿಗೆ ಸಿಂಗಾರ ಮಾಡಿ, ವಾದ್ಯದೊಂದಿಗೆ ಮೆರವಣಿಗೆ ತರುವ ರೈತನಿಗೆ ಮಾರಾಟವೊಂದೇ ಗುರಿಯಾಗಿರುವುದಿಲ್ಲ. ನಾಲ್ಕು ಜನ ಬಲ್ಲವರು ನಿಂತು, ಕಾಲು ನೋಡಿ, ಹಲ್ಲು ನೋಡಿ, "ಭೇಷ್, ಚೆನ್ನಾಗಿ ಸಾಕಿದ್ದೀಯ" ಎನ್ನಬೇಕು. ಆ ಒಂದು ಮಾತಿಗಾಗಿ ವರ್ಷವೆಲ್ಲ ಹಿಂಡಿ ಬೂಸ ಹಾಕಿರುತ್ತಾನೆ.

ಇಲ್ಲಿಯೂ ನಡೆಯುವುದು ಅದೇ. ಅಂಕಣದಲ್ಲಿ ಒಂದೇ ತಳಿಯ ನಾಯಿಗಳು ಸಾಲಾಗಿ ನಿಲ್ಲುತ್ತವೆ. ಸಣ್ಣವನ್ನು ಮೇಜಿನ ಮೇಲೆ ನಿಲ್ಲಿಸುತ್ತಾರೆ. ತೀರ್ಪುಗಾರರು ಹಲ್ಲು, ಭುಜ, ಬೆನ್ನು, ತೊಡೆ ಎಲ್ಲವನ್ನೂ ಕೈಯಾಡಿಸಿ ನೋಡುತ್ತಾರೆ. ಬಳಿಕ ತ್ರಿಕೋನಾಕಾರವಾಗಿ ಒಮ್ಮೆ, ನೇರವಾಗಿ ಹೋಗಿ ಬರುವಂತೆ ಒಮ್ಮೆ ಓಡಿಸಿ ನಡಿಗೆ ಪರೀಕ್ಷಿಸುತ್ತಾರೆ. ಒಂದು ನಾಯಿಗೆ ಸಿಗುವುದು ಒಂದೆರಡು ನಿಮಿಷ ಮಾತ್ರ. ಪಕ್ಕದ ನಾಯಿಗಿಂತ ಚೆಂದವೇ ಎಂಬುದು ಅಲ್ಲಿ ಮೊದಲ ಪ್ರಶ್ನೆಯಲ್ಲ. ಆ ತಳಿ ಹೇಗಿರಬೇಕೆಂದು ಬರೆದಿಟ್ಟ ಲಕ್ಷಣಗಳಿಗೆ ಯಾವುದು ಹೆಚ್ಚು ಹತ್ತಿರ ಎಂದು ನೋಡುತ್ತಾರೆ. ನಮ್ಮ ಪ್ರಯೋಗಶಾಲೆಯಲ್ಲಿ ಮಾದರಿ ವಸ್ತುವನ್ನು ಎದುರಿಗಿಟ್ಟುಕೊಂಡು ನಾವು ತಯಾರಿಸಿದ್ದನ್ನು ಹೋಲಿಸಿ ನೋಡುವುದಿಲ್ಲವೇ, ಹಾಗೆ. ಗೆದ್ದವರಿಗೆ ಕೆಂಪು, ಎರಡನೆಯವರಿಗೆ ನೀಲಿ. (ಅಮೆರಿಕದಲ್ಲಿರುವ ಬಂಧುಗಳಿಗೆ ಸೂಚನೆ: ನಿಮ್ಮಲ್ಲಿ ನೀಲಿಯೇ ಮೊದಲು!) ದೊಡ್ಡ ಪ್ರದರ್ಶನಗಳಲ್ಲಿ ಮೂವರು ಬೇರೆ ಬೇರೆ ತೀರ್ಪುಗಾರರಿಂದ ಮೂರು ಚಾಲೆಂಜ್ ಸರ್ಟಿಫಿಕೇಟು ಪಡೆದ ನಾಯಿಗೆ ಮಾತ್ರ 'ಚಾಂಪಿಯನ್' ಬಿರುದು.

ದುಡ್ಡಿನ ಆಸೆ ಎನ್ನೋಣವೇ? ಕ್ರಫ್ಟ್ಸ್‌ನಲ್ಲಿ ಎಲ್ಲಕ್ಕಿಂತ ಮೇಲಿನ ಸ್ಥಾನ ಪಡೆದರೂ ಕೈಗೆ ಬರುವ ನಗದು ನೂರಿನ್ನೂರು ಪೌಂಡು. ಪ್ರವೇಶ ಶುಲ್ಕ, ಪೆಟ್ರೋಲು, ವಸತಿಯ ಖರ್ಚೇ ಅದನ್ನು ಮೀರುತ್ತದೆ. ಸ್ಪರ್ಧಿಸಿದವರಲ್ಲಿ ಬಹುಪಾಲು ಜನ ಬರಿಗೈಯಲ್ಲಿ ಮನೆಗೆ ಹೋಗುವವರೇ. ಹಾಗಿದ್ದೂ ಮುಂದಿನ ಶನಿವಾರ ಮತ್ತೆ ಬಾಚಣಿಗೆ, ಮಡಿಸುವ ಕುರ್ಚಿ, ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ.

ನಮಗೆ ತೋರುವಂತೆ ಇದಕ್ಕೆ ಮೂರು ನಾಲ್ಕು ಕಾರಣಗಳಿವೆ. ಮೊದಲನೆಯದು ಕೈಗೆಲಸದ ಸುಖ. ಯಾರ್ಕ್‌ಶೈರ್ ಟೆರಿಯರ್‌ನ ನೀಳ ಕೂದಲು ತುಂಡಾಗದಂತೆ ಕಾಗದದಲ್ಲಿ ಎಳೆ ಎಳೆಯಾಗಿ ಸುತ್ತಿಡುವುದು, ಪೂಡಲ್‌ನ ಕೂದಲನ್ನು ದುಂಡಗೆ ಕತ್ತರಿಸುವುದು, ಬಿಳಿ ಟೆರಿಯರ್‌ನ ಕಾಲಿಗೆ ಸೀಮೆಸುಣ್ಣದ ಪುಡಿ ತಿಕ್ಕಿ ಕೊಳೆ ತೆಗೆಯುವುದು, ಎಲ್ಲಕ್ಕೂ ವರ್ಷಗಟ್ಟಲೆ ಅಭ್ಯಾಸ ಬೇಕು. ರಸಾಯನಶಾಸ್ತ್ರದವರಾದ ನಮಗೆ ಆ ಪುಡಿಯ ಮೇಲೆ ಕಣ್ಣು ಬಿದ್ದದ್ದು ಸಹಜ. ಕೂದಲಿನ ಬಣ್ಣ, ಗುಣ ಬದಲಿಸುವ ಯಾವ ವಸ್ತುವೂ ಅಂಕಣಕ್ಕೆ ಇಳಿಯುವಾಗ ಮೈಮೇಲೆ ಉಳಿದಿರಬಾರದೆಂದು ನಿಯಮವಿದೆ. ಆದ್ದರಿಂದ ಬಾಚುವ ಜಾಗದಲ್ಲಿ ಬಿಳಿ ಧೂಳೋ ಧೂಳು.

ಎರಡನೆಯದು ಒಡನಾಟ. ನಮ್ಮ ಬೀದಿಯಲ್ಲಿ ಒಬ್ಬ ವೃದ್ಧೆ ಇದ್ದಾರೆ. ಯಜಮಾನರು ಹೋದ ಮೇಲೆ ಒಂಟಿ. ಮಕ್ಕಳು ದೂರದ ಊರುಗಳಲ್ಲಿ. ವಾರವೆಲ್ಲ ಅವರ ಮನೆಯ ಬಾಗಿಲು ತೆರೆಯುವುದು ನಾಯಿಯನ್ನು ತಿರುಗಾಡಿಸಲು ಮಾತ್ರ. ಆದರೆ ಪ್ರದರ್ಶನವಿರುವ ಭಾನುವಾರ ಅವರ ನಡಿಗೆಯೇ ಬೇರೆ. ಅಲ್ಲಿ ಅವರನ್ನು ಹೆಸರು ಹಿಡಿದು ಕರೆಯುವ ಮೂವತ್ತು ಜನ ಇದ್ದಾರೆ. ಮೊದಲು ನಾಯಿಯ ಕ್ಷೇಮಸಮಾಚಾರ, ಆಮೇಲೆ ಮಂಡಿನೋವಿನದು. ಇದನ್ನು ನಗುವುದು ಸುಲಭ. ಆದರೆ ಯುಗಾದಿಗೋ ರಾಜ್ಯೋತ್ಸವಕ್ಕೋ ಮೂರು ಗಂಟೆ ಕಾರು ಓಡಿಸಿ, ಬಾಡಿಗೆ ಹಾಲಿನಲ್ಲಿ ಬಿಸಿಬೇಳೆಬಾತು ಉಂಡು, ಮಧ್ಯರಾತ್ರಿಗೆ ಮನೆ ಸೇರುವ ನಾವು ಆ ಸುಖವನ್ನು ಅರಿಯದವರೇ? ನಮಗೆ ಕನ್ನಡ ಒಂದು ನೆಪ, ಅವರಿಗೆ ನಾಯಿ ಒಂದು ನೆಪ.

ಮೂರನೆಯದು ಮಕ್ಕಳು. ಕೆನಲ್ ಕ್ಲಬ್ಬಿನ ಕಿರಿಯರ ವಿಭಾಗಕ್ಕೆ ಆರನೆಯ ವಯಸ್ಸಿನಿಂದಲೇ ಸೇರಬಹುದು. ಕಿರಿಯರ ಸ್ಪರ್ಧೆಯಲ್ಲಿ ನಾಯಿಯ ಲಕ್ಷಣಕ್ಕಿಂತ ಅದನ್ನು ನಡೆಸುವ ಹುಡುಗ ಹುಡುಗಿಯರ ಜಾಣತನಕ್ಕೆ ಅಂಕ. ತರಗತಿಯಲ್ಲಿ ಬಾಯಿಬಿಡದ ಮಗು ಸಾವಿರ ಜನರ ಮುಂದೆ ನಾಯಿಯ ಜೊತೆ ತಲೆ ಎತ್ತಿ ನಡೆಯುವುದನ್ನು ನಾವು ಕಂಡಿದ್ದೇವೆ. ಎಲ್ಲರೂ ನೋಡುವುದು ನಾಯಿಯನ್ನು ಎಂಬ ಧೈರ್ಯವೇ ಇರಬೇಕು.

ನಾಲ್ಕನೆಯದು ನಮ್ಮ ಶಾಸ್ತ್ರಕ್ಕೆ ಸೇರಿದ್ದು. ಆಕ್ಸಿಟೋಸಿನ್ ಎಂಬ ಹಾರ್ಮೋನಿನ ಹೆಸರು ಕೇಳಿರಬಹುದು. ಒಂಬತ್ತು ಅಮೈನೋ ಆಮ್ಲಗಳ ಪುಟ್ಟ ಸರಪಣಿ. ತಾಯಿಗೆ ಹೆರಿಗೆಯಲ್ಲಿ, ಹಾಲೂಡುವಲ್ಲಿ ನೆರವಾಗುವಂಥದು. ಅದನ್ನು ಪ್ರಯೋಗಶಾಲೆಯಲ್ಲಿ 1953ರಲ್ಲಿ ಕಟ್ಟಿ ತೋರಿಸಿದ ವಿನ್ಸೆಂಟ್ ಡು ವಿನ್ಯೋ ಅವರಿಗೆ 1955ರ ರಸಾಯನಶಾಸ್ತ್ರದ ನೊಬೆಲ್ ದೊರಕಿತು. 2015ರಲ್ಲಿ ಜಪಾನಿನ ವಿಜ್ಞಾನಿಗಳು ಒಂದು ಸಂಗತಿ ಪ್ರಕಟಿಸಿದರು. ನಾಯಿ ಮತ್ತು ಒಡೆಯ ಒಬ್ಬರ ಕಣ್ಣನ್ನೊಬ್ಬರು ಬಹಳ ಹೊತ್ತು ನೋಡಿದಾಗ ಇಬ್ಬರ ಮೂತ್ರದಲ್ಲೂ ಆಕ್ಸಿಟೋಸಿನ್ ಏರುತ್ತದೆ. ಸಾಕಿದ ತೋಳಗಳಲ್ಲಿ ಹೀಗಾಗಲಿಲ್ಲ. ಪ್ರದರ್ಶನದ ಅಂಕಣದಲ್ಲಿ ಗಮನಿಸಿ: ಜೇಬಿನಲ್ಲಿ ಬೇಯಿಸಿದ ಈಲಿಯ ತುಂಡು ಇಟ್ಟುಕೊಂಡವರ ಮುಖವನ್ನು ನಾಯಿ ಎವೆಯಿಕ್ಕದೆ ನೋಡುತ್ತಿರುತ್ತದೆ. ಅದರಲ್ಲಿ ಈಲಿಯ ಪಾಲೆಷ್ಟು, ಪ್ರೀತಿಯ ಪಾಲೆಷ್ಟು ಎಂದು ಬೇರ್ಪಡಿಸುವ ಕ್ರಮ ಇನ್ನೂ ಯಾವ ಪ್ರಯೋಗಶಾಲೆಗೂ ಸಿದ್ಧಿಸಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ನಮ್ಮ ಮಾತಿನಲ್ಲಿ 'ಜಾತಿ ನಾಯಿ' ಎನ್ನುತ್ತೇವೆ, ಉಳಿದದ್ದು 'ಕಂತ್ರಿ'. ಮಾತಿನಲ್ಲೇ ಒಂದು ತೀರ್ಪು ಕೊಟ್ಟಾಯಿತು. ತಳಿಯ ವಂಶಾವಳಿ ಪುಸ್ತಕವನ್ನು ಮುಚ್ಚಿ, ಒಳಗಿನವರಲ್ಲೇ ಸಂಬಂಧ ಬೆಳೆಸುತ್ತ ಹೋದರೆ ಲಕ್ಷಣಗಳ ಜೊತೆಗೆ ರೋಗಗಳೂ ಗಟ್ಟಿಯಾಗುತ್ತವೆ. ಮೂಗು ಚಪ್ಪಟೆಯಾದಷ್ಟೂ ಚೆಂದವೆಂದು ಬಹುಮಾನ ಕೊಡುತ್ತ ಬಂದರೆ ಉಸಿರಾಡಲು ಒದ್ದಾಡುವ ಬುಲ್‌ಡಾಗ್ ಹುಟ್ಟುತ್ತದೆ. 2008ರಲ್ಲಿ ಬಿ.ಬಿ.ಸಿ. ಈ ವಿಷಯದ ಮೇಲೆ ಒಂದು ಸಾಕ್ಷ್ಯಚಿತ್ರ ತೋರಿಸಿದಾಗ ದೊಡ್ಡ ಗದ್ದಲವೆದ್ದಿತು. 2009ರ ಕ್ರಫ್ಟ್ಸ್ ಅನ್ನು ಆ ಸಂಸ್ಥೆ ಪ್ರಸಾರ ಮಾಡಲಿಲ್ಲ. ಅದೇ ವರ್ಷ ಕೆನಲ್ ಕ್ಲಬ್ಬು ತಾಯಿ ಮಗ, ತಂದೆ ಮಗಳು, ಒಡಹುಟ್ಟಿದವರ ಕೂಡಿಕೆಯ ಮರಿಗಳನ್ನು ನೋಂದಾಯಿಸುವುದನ್ನು ನಿಲ್ಲಿಸಿತು. 2012ರ ಕ್ರಫ್ಟ್ಸ್‌ನಲ್ಲಿ ಹೆಚ್ಚು ಅಪಾಯವಿರುವ ತಳಿಗಳ ವಿಜೇತರನ್ನು ಪಶುವೈದ್ಯರು ಪರೀಕ್ಷಿಸಿದರು. ಆರು ನಾಯಿಗಳು ತೇರ್ಗಡೆಯಾಗದೆ ಮುಂದಿನ ಸುತ್ತಿಗೆ ಹೋಗಲಿಲ್ಲ.

ಡಾಲ್ಮೇಷಿಯನ್‌ನ ಕತೆ ಇನ್ನೂ ಬೋಧಪ್ರದ. ಬಿಳಿ ಮೈಮೇಲೆ ಕಪ್ಪು ಚುಕ್ಕೆಯ ಆ ಚೆಲುವ ನಾಯಿಯನ್ನು ಯಾರು ಬಲ್ಲರಿಲ್ಲ? ಬೇರೆ ನಾಯಿಗಳ ದೇಹದಲ್ಲಿ ಯೂರಿಕ್ ಆಮ್ಲ ಬಹುಪಾಲು ಅಲಾಂಟೋಯಿನ್ ಎಂಬ ಸುಲಭವಾಗಿ ಕರಗುವ ವಸ್ತುವಾಗಿ ಹೊರಗೆ ಹೋಗುತ್ತದೆ. ಡಾಲ್ಮೇಷಿಯನ್‌ಗಳಲ್ಲಿ ಒಂದು ಜೀನಿನ ದೋಷದಿಂದ ಯೂರಿಕ್ ಆಮ್ಲವೇ ಉಳಿದು, ಮೂತ್ರಕೋಶದಲ್ಲಿ ಕಲ್ಲು ಕಟ್ಟುವ ಅಪಾಯ. ಇಡೀ ತಳಿಯಲ್ಲಿ ಈ ದೋಷವಿಲ್ಲದ ನಾಯಿ ಉಳಿದೇ ಇರಲಿಲ್ಲ. ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್ 1973ರಲ್ಲಿ ಒಂದೇ ಒಂದು ಪಾಯಿಂಟರ್ ನಾಯಿಯನ್ನು ಸೇರಿಸಿ, ಬಳಿಕ ತಲೆಮಾರಿನಿಂದ ತಲೆಮಾರಿಗೆ ಮತ್ತೆ ಡಾಲ್ಮೇಷಿಯನ್‌ಗಳನ್ನೇ ಕೂಡಿಸುತ್ತ ಬಂದರು. ಚುಕ್ಕೆ ಉಳಿಯಿತು, ರೋಗ ಹೋಯಿತು. ಆದರೂ "ಬೆರಕೆ ರಕ್ತ" ಎಂಬ ಆಕ್ಷೇಪ ದಶಕಗಟ್ಟಲೆ ಬಿಡಲಿಲ್ಲ. ಆ ವಂಶದ ಫಿಯೋನಾ ಎಂಬ ಹೆಣ್ಣು ನಾಯಿ 2011ರಲ್ಲಿ ಕ್ರಫ್ಟ್ಸ್‌ಗೆ ಬಂದಾಗಲೂ ಗೊಣಗಾಟವಿತ್ತು. ವಸ್ತುವನ್ನು ಮತ್ತೆ ಮತ್ತೆ ಶುದ್ಧೀಕರಿಸುವುದೇ ನಮ್ಮ ಕಸುಬು. ಸೀಸೆಯೊಳಗಿನ ಹರಳಿಗೆ ಅದು ಒಳ್ಳೆಯದು. ಉಸಿರಾಡುವ ಜೀವಕ್ಕೆ ಅಂಥ ಶುದ್ಧಿ ಹೊಂದುವುದಿಲ್ಲ. ಇದನ್ನು ನಾಯಿಗಳ ವಿಷಯದಲ್ಲಷ್ಟೇ ಹೇಳಬೇಕಾಗಿಲ್ಲ ಎಂಬುದನ್ನು ಓದುಗರಿಗೆ ವಿವರಿಸಬೇಕಿಲ್ಲ.

ನಾಯಿಗೆ ಗೌರವ ಕೊಡುವುದು ಪರದೇಶದ ಹುಚ್ಚೆಂದು ತಿಳಿಯಬೇಡಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ "ಏನು ಬೇಕೋ ಕೇಳು" ಎಂದಾಗ ಆತ ಕೇಳಿದ್ದು 'ಕಾಳಿ' ಎಂಬ ನಾಯಿಯನ್ನು! ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನೆಟ್ಟರು. ನಮ್ಮ ಮುಧೋಳ ನಾಯಿಗೆ ಭಾರತದ ಅಂಚೆ ಇಲಾಖೆ 2005ರಲ್ಲಿ ಅಂಚೆಚೀಟಿಯ ಗೌರವ ಕೊಟ್ಟಿತು. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಆ ತಳಿಗಾಗಿ ಸಂಶೋಧನಾ ಕೇಂದ್ರವೂ ಇದೆ. ಕಾಳಿಗೆ ಕಲ್ಲು ನೆಟ್ಟದ್ದು ಅದರ ಮೂಗಿನ ಉದ್ದ ಅಳೆದಲ್ಲ, ಅದು ಮಾಡಿದ ಕೆಲಸಕ್ಕೆ ಎಂಬುದನ್ನು ಮಾತ್ರ ನೆನಪಿಡೋಣ.

ಮಕ್ಕಳನ್ನು ಕರೆದುಕೊಂಡು ಹೋಗಬೇಕೆನ್ನುವವರಿಗೆ ನಮ್ಮ ಸಲಹೆ: ಮೊದಲು ದೊಡ್ಡ ಪ್ರದರ್ಶನ ಬೇಡ. ಬೇಸಿಗೆಯಲ್ಲಿ ಹಳ್ಳಿಯ ಮೈದಾನಗಳಲ್ಲಿ ಧರ್ಮಾರ್ಥವಾಗಿ ನಡೆಯುವ ಸಣ್ಣ ಪ್ರದರ್ಶನಕ್ಕೆ ಹೋಗಿ. ಅಲ್ಲಿ ಜಾತಿ ಕೇಳದೆ ಎಲ್ಲ ನಾಯಿಗೂ ಪ್ರವೇಶವಿರುವ ಸ್ಪರ್ಧೆಗಳಿರುತ್ತವೆ. ಚೆನ್ನಾಗಿ ಬಾಲ ಅಲ್ಲಾಡಿಸುವ ನಾಯಿಗೊಂದು ಬಹುಮಾನ, ಒಡೆಯನನ್ನು ಹೋಲುವ ನಾಯಿಗೊಂದು ಬಹುಮಾನ. ಒಡೆಯರ ಅನುಮತಿ ಕೇಳದೆ ಮಕ್ಕಳು ನಾಯಿಯನ್ನು ಮುಟ್ಟದಿರಲಿ. ಬಿಸಿಲು ಹೆಚ್ಚಿದ್ದರೆ ನಾಯಿಯನ್ನು ಕಾರಿನೊಳಗೆ ಬಿಟ್ಟು ಹೋಗುವುದು ಅದರ ಪ್ರಾಣಕ್ಕೇ ಅಪಾಯ. ಸಂಜೆ ಸೋತವರನ್ನು ಮಾತಾಡಿಸಿ ನೋಡಿ. "ಎಲ್ಲಕ್ಕಿಂತ ಒಳ್ಳೆಯ ನಾಯಿಯನ್ನು ನಾವು ಮನೆಗೆ ಕರೆದೊಯ್ಯುತ್ತಿದ್ದೇವೆ" ಎನ್ನುತ್ತಾರೆ. ಈ ವಲಯದಲ್ಲಿ ಅದು ಗಾದೆಯಷ್ಟು ಹಳೆಯ ಮಾತು, ಆದರೆ ಹೇಳುವಾಗ ಅವರ ಮುಖ ನೋಡಿದರೆ ಇವತ್ತೇ ಹೊಳೆದಂತಿರುತ್ತದೆ.