ಮಗಳು ಬರೆದ ತಂದೆ

ಕನ್ನಡದಲ್ಲಿ ನೆನಪಿನ ಬರಹಗಳಿಗೆ ಕೊರತೆಯಿಲ್ಲ. ಮಗಳು ತಂದೆಯನ್ನು ಕುರಿತು ಬರೆದವೂ ಅವುಗಳಲ್ಲಿ ಸೇರಿವೆ. ತಾರಿಣಿ ಚಿದಾನಂದ ಅವರ ‘ಮಗಳು ಕಂಡ ಕುವೆಂಪು’ ಕೃತಿಯನ್ನು ಹಲವರು ಓದಿದ್ದಾರೆ. 2021ರಲ್ಲಿ ಶಿವರಾಮ ಕಾರಂತರ ಹೆಣ್ಣುಮಕ್ಕಳಾದ ಮಾಳವಿಕಾ ಕಪೂರ್ ಮತ್ತು ಕ್ಷಮಾ ರಾವ್ ತಮ್ಮ ಸಹೋದರ ಉಲ್ಲಾಸ ಕಾರಂತರ ಜೊತೆ ಸೇರಿ ತಂದೆಯನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕವೊಂದನ್ನು ತಂದರು. ಇಂಥ ಪುಸ್ತಕಗಳನ್ನು ನಾವು ದೊಡ್ಡವರ ಮನೆಯೊಳಗನ್ನು ಕಾಣುವ ಕುತೂಹಲದಿಂದ ಓದುತ್ತೇವೆ. ತಂದೆ-ಮಗಳ ಬಾಂಧವ್ಯವೆಂದರೆ ವಾತ್ಸಲ್ಯ ಮತ್ತು ಕೃತಜ್ಞತೆ ಎಂದಷ್ಟೇ ತಿಳಿದು ಪುಸ್ತಕ ಮುಚ್ಚುತ್ತೇವೆ. ಆದರೆ ಈ ಬಾಂಧವ್ಯದ ನಿಜವಾದ ಪರೀಕ್ಷೆಯಾಗುವುದು ಮಗಳು ತಂದೆಯ ದಾರಿಯನ್ನು ಬಿಟ್ಟು ನಡೆದಾಗ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಬಲವಾದ ನಿದರ್ಶನ ನಮ್ಮ ನೆರೆಯಲ್ಲಿಯೇ ಇದೆ.

ಕುರಕುಂಭದ ಕೈಗಾರಿಕಾ ವಸಾಹತಿನಲ್ಲಿ ದುಡಿಯುವ ಕನ್ನಡಿಗರು ಪುಣೆಗೆ ಹೋಗಿಬರುವಾಗ ಚೌಫುಲಾವನ್ನು ಹಾದುಹೋಗುತ್ತಾರೆ. ಅಲ್ಲಿಂದ ತುಸು ಒಳಗೆ, ಇದೇ ದೌಂಡ ತಾಲೂಕಿನ ಕೇಡಗಾವಿನಲ್ಲಿ, ಪಂಡಿತಾ ರಮಾಬಾಯಿಯವರು ಅನಾಥ ಸ್ತ್ರೀಯರಿಗಾಗಿ ಕಟ್ಟಿದ ಮುಕ್ತಿ ಸಂಸ್ಥೆಯಿದೆ. ಅವರನ್ನು ಮಹಾರಾಷ್ಟ್ರದ ಸಮಾಜ ಸುಧಾರಕಿಯೆಂದು ನಾವು ಬಲ್ಲೆವು. ಅವರು 1858ರಲ್ಲಿ ಜನಿಸಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. 1907ರಲ್ಲಿ ಕೇಡಗಾವಿನಿಂದಲೇ ಪ್ರಕಟವಾದ ರಮಾಬಾಯಿಯವರ ಇಂಗ್ಲಿಷ್ ಆತ್ಮನಿವೇದನೆಯಲ್ಲಿ ಈ ತಂದೆಯನ್ನು ನಾವು ಕಾಣುತ್ತೇವೆ.

ಅನಂತಶಾಸ್ತ್ರಿಗಳು ಪುಣೆಯಲ್ಲಿ ಶಿಷ್ಯವೃತ್ತಿಯಲ್ಲಿದ್ದಾಗ ಅವರ ಗುರುಗಳು ಪೇಶ್ವೆಯ ಅರಮನೆಯಲ್ಲಿ ರಾಣಿಗೆ ಸಂಸ್ಕೃತ ಕಲಿಸುತ್ತಿದ್ದರು. ಅದನ್ನು ಕಂಡ ಶಿಷ್ಯನಿಗೆ ತಾನೂ ತನ್ನ ಪತ್ನಿಗೆ ಕಲಿಸಬೇಕೆಂಬ ಛಲ ಹುಟ್ಟಿತು. ಎರಡನೆಯ ಪತ್ನಿ ಲಕ್ಷ್ಮೀಬಾಯಿಯವರಿಗೆ ಕಲಿಸತೊಡಗಿದಾಗ ಸಂಪ್ರದಾಯಸ್ಥರು ತಿರುಗಿಬಿದ್ದರು. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು, ಸ್ತ್ರೀಯರಿಗೆ ಸಂಸ್ಕೃತ ಕಲಿಸುವುದು ಶಾಸ್ತ್ರವಿರುದ್ಧವಲ್ಲವೆಂದು ಅವರು ಸಮರ್ಥಿಸಿಕೊಳ್ಳಬೇಕಾಯಿತು. ರಮಾಬಾಯಿ ಪಾಠಕ್ಕೆ ಕುಳಿತುಕೊಳ್ಳುವ ವೇಳೆಗೆ ತಂದೆಗೆ ವೃದ್ಧಾಪ್ಯ ಬಂದಿತ್ತು. ಮಗಳಿಗೆ ಕಲಿಸಿದವರು ಆ ತಾಯಿಯೇ. ತಂದೆಯ ಕೀರ್ತಿಯಲ್ಲಿ ತಾಯಿ ಮರೆಯಾಗುವುದು ನಮ್ಮ ನೆನಪಿನ ಬರಹಗಳ ಸಾಮಾನ್ಯ ದೋಷ. ರಮಾಬಾಯಿ ಇದಕ್ಕೆ ಹೊರತು: 1887ರ ತಮ್ಮ ಪ್ರಸಿದ್ಧ ಇಂಗ್ಲಿಷ್ ಗ್ರಂಥವನ್ನು ಅವರು ತಾಯಿಯ ನೆನಪಿಗೆ ಅರ್ಪಿಸಿದ್ದಾರೆ.

ಈ ತಂದೆ ದೋಷರಹಿತರಾಗಿರಲಿಲ್ಲ. ಹಿರಿಯ ಮಗಳಿಗೆ ಬಾಲ್ಯದಲ್ಲಿಯೇ ವಿವಾಹ ಮಾಡಿದರು. ಅದು ದುಃಖದಲ್ಲಿ ಕೊನೆಗೊಂಡಿತು. ಆ ಪೆಟ್ಟಿನಿಂದ ಪಾಠ ಕಲಿತು ಕಿರಿಯವಳಿಗೆ ಬೇಗ ಮದುವೆ ಮಾಡಲಿಲ್ಲ. ಇದ್ದ ಹಣವೆಲ್ಲ ತೀರ್ಥಯಾತ್ರೆಯಲ್ಲಿಯೂ ದಾನಧರ್ಮಗಳಲ್ಲಿಯೂ ಕರಗಿತು. ಮಕ್ಕಳಿಗೆ ಶಾಸ್ತ್ರ ಪುರಾಣಗಳ ಹೊರತು ಹೊಟ್ಟೆ ಹೊರೆಯುವ ವಿದ್ಯೆಯೊಂದನ್ನೂ ಕಲಿಸಿರಲಿಲ್ಲ. ಎಪ್ಪತ್ತರ ದಶಕದ ಆ ಕ್ಷಾಮ ಬಂದಾಗ ಸಂಸಾರ ಉಪವಾಸಕ್ಕೆ ಬಿದ್ದಿತು. 1874ರಲ್ಲಿ ತಂದೆ, ಅವರ ಹಿಂದೆಯೇ ತಾಯಿ, ಬಳಿಕ ಅಕ್ಕ ತೀರಿಕೊಂಡರು. ಇದನ್ನೆಲ್ಲ ಮಗಳು ಮುಚ್ಚಿಡದೆ ಬರೆಯುತ್ತಾರೆ. ತಂದೆಯನ್ನು ದೇವರಾಗಿಸುವುದಿಲ್ಲ, ಕಟಕಟೆಯಲ್ಲಿ ನಿಲ್ಲಿಸುವುದೂ ಇಲ್ಲ.

ಆ ಬರಹದ ಹೃದಯವಿರುವುದು ತಂದೆಯ ಅಂತ್ಯಕಾಲದ ವರ್ಣನೆಯಲ್ಲಿ. ಹಸಿವಿನಿಂದ ಕುಗ್ಗಿದ, ಕಣ್ಣು ಕಾಣದ ಮುದುಕರು ಹದಿನಾರರ ಮಗಳನ್ನು ತಬ್ಬಿಕೊಂಡು, ತಮ್ಮ ಮಕ್ಕಳಲ್ಲಿ ಅವಳೇ ಅತಿಪ್ರಿಯಳೆಂದೂ, ಅವಳನ್ನು ದೇವರ ಕೈಗೆ ಒಪ್ಪಿಸಿರುವೆನೆಂದೂ, ಧರ್ಮದ ದಾರಿಯನ್ನು ಬಿಡಬಾರದೆಂದೂ ಹೇಳುತ್ತಾರೆ. ಮಗಳು 1880ರಲ್ಲಿ ಜಾತಿಯ ಹೊರಗಿನ ಬಂಗಾಳಿ ವಕೀಲರೊಬ್ಬರನ್ನು ವರಿಸಿದರು; 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದರು. ಇವೆರಡನ್ನೂ ಆ ತಂದೆ ಒಪ್ಪುತ್ತಿದ್ದರೆಂದು ಹೇಳುವುದು ಕಷ್ಟ. ಆದರೂ ಮೂರು ದಶಕಗಳ ಬಳಿಕ ಲೇಖನಿ ಹಿಡಿದ ಮಗಳು, ತಾನು ಆರಿಸಿಕೊಂಡ ದಾರಿಯಲ್ಲಿಯೇ ಅಪ್ಪನ ಅಪ್ಪಣೆ ನೆರವೇರಿತೆಂದು ನಂಬಿದರು.

ಅದು ಅವರು ತಮಗೆ ತಾವೇ ಹೇಳಿಕೊಂಡ ಸಮಾಧಾನವೆಂದು ಕೆಲವರು ಆಕ್ಷೇಪಿಸಬಹುದು. ಮತಾಂತರದ ಪ್ರಶ್ನೆಯ ಮೇಲೆ 1893ರಲ್ಲಿ ಪುಣೆಯ ಅವರ ಶಾರದಾ ಸದನದ ವಿರುದ್ಧ ದೊಡ್ಡ ವಿವಾದವೇ ಎದ್ದಿತ್ತು. ಆ ಕುರಿತು ಇಂದಿಗೂ ಭಿನ್ನಾಭಿಪ್ರಾಯ ಸಹಜವೇ. ನನ್ನ ವಾದ ಅವರ ಮತವನ್ನು ಅವಲಂಬಿಸಿಲ್ಲ. ಸ್ವಂತ ಬುದ್ಧಿಯಿಂದ ಯೋಚಿಸುವ ಶಕ್ತಿಯನ್ನು ಮಗಳಿಗೆ ಕೊಟ್ಟ ತಂದೆ, ಆ ಬುದ್ಧಿ ಎಲ್ಲಿಗೆ ಕರೆದೊಯ್ಯುವುದೆಂಬುದನ್ನು ಮೊದಲೇ ಗೊತ್ತುಮಾಡಲಾರ. ಕೊಟ್ಟದ್ದು ನಿಜವಾಗಿದ್ದರೆ ಅಗಲಿಕೆಯ ನಂತರವೂ ಋಣದ ನೆನಪು ಉಳಿಯುತ್ತದೆ.

ಹೊರನಾಡಿನ ನಮಗೆ ಇದು ಬರಿಯ ಸಾಹಿತ್ಯ ಚರ್ಚೆಯಲ್ಲ. ವರ್ಗಾವಣೆಯಿಂದ ವರ್ಗಾವಣೆಗೆ ಊರು ಬದಲಿಸುವ ಕೇಂದ್ರ ಸರ್ಕಾರದ ನೌಕರನಾಗಿ ಕಳೆದ ವರ್ಷಗಳಲ್ಲಿ ನಾನು ಹಲವು ಕನ್ನಡ ಮನೆಗಳನ್ನು ಬಲ್ಲೆ. ಮಗಳು ಮರಾಠಿಯಲ್ಲಿ ಕನಸು ಕಾಣುತ್ತಾಳೆ, ಇಂಗ್ಲಿಷಿನಲ್ಲಿ ಬರೆಯುತ್ತಾಳೆ, ಬೇರೆ ಭಾಷೆಯವನನ್ನು ವರಿಸುತ್ತಾಳೆ. ತಂದೆ ಅದನ್ನು ಸೋಲೆಂದು ಎಣಿಸಿ ಮೌನ ತಾಳುತ್ತಾನೆ. ಆ ಮೌನ ಮುಂದೆ ಇಬ್ಬರ ನೆನಪಿನ ಪುಟಗಳನ್ನೂ ಖಾಲಿ ಮಾಡುತ್ತದೆ. ಸಂಘಗಳು ಹೆಣ್ಣುಮಕ್ಕಳನ್ನು ರಾಜ್ಯೋತ್ಸವದ ಸ್ವಾಗತಗೀತೆಗೆ ಕರೆಯುತ್ತವೆ. ಅವರ ತಂದೆತಾಯಿಯರ ಬಗ್ಗೆ ಬರೆಯಿರೆಂದು ಕೇಳುವುದಿಲ್ಲ. ಕೇಳಬೇಕು. ಅವರು ಮರಾಠಿಯಲ್ಲಿ ಬರೆದರೂ ಇಂಗ್ಲಿಷಿನಲ್ಲಿ ಬರೆದರೂ ಸ್ವೀಕರಿಸಿ, ಕನ್ನಡಕ್ಕೆ ತಂದು ಪ್ರಕಟಿಸಬೇಕು. ಅದರಲ್ಲಿ ತಂದೆಯರ ಬಗ್ಗೆ ಹಿತವಲ್ಲದ ಮಾತುಗಳಿದ್ದರೆ ಅವನ್ನು ತಿದ್ದದೆ ಅಚ್ಚು ಮಾಡುವ ಧೈರ್ಯವೂ ನಮಗೆ ಬೇಕು.