ಗುರುವಿಲ್ಲದ ಸ್ವರಾಜ್ಯ

ಆಡಳಿತವೊಂದು ಕೈಗೆ ಬಂದರೆ ಭಾಷೆ ತಾನಾಗಿಯೇ ಉಳಿಯುವುದೆಂದು ನಂಬುವವರು ನಮ್ಮಲ್ಲಿ ಬಹಳ ಮಂದಿ. ಆಡುವವರು ಕೆಲವೇ ಸಾವಿರವಾದರೆ ಅಂಥ ಭಾಷೆಯಲ್ಲಿ ಶಾಲೆ ನಡೆಸುವುದು ಆಗದ ಕೆಲಸವೆಂದು ಕೈಚೆಲ್ಲುವವರು ಅದಕ್ಕೂ ಹೆಚ್ಚು ಮಂದಿ. ಈ ಎರಡು ಪಕ್ಷಗಳನ್ನೂ ನಾವು ಒಪ್ಪಲಾರೆವು. ಏಕೆ ಒಪ್ಪಲಾರೆವೆಂಬುದನ್ನು ತೋರಿಸಲು ವಾಚಕರನ್ನು ಭೂಮಿಯ ಉತ್ತರದ ಅಂಚಿಗೆ ಕರೆದೊಯ್ಯಬೇಕಾಗಿದೆ. ದೂರದ ಸಂಗತಿಯೆಂದು ಯಾರೂ ಪುಟ ಮಗುಚದಿರಲಿ. ಅಲ್ಲಿ ನಡೆದಿರುವುದು ಶಾಲೆಯ ವ್ಯಾಜ್ಯ. ಆದುದರಿಂದ ಅದು ನಮಗೂ ಸೇರಿದ್ದು.

ಕೆನಡಾ ದೇಶದ ಉತ್ತರದಲ್ಲಿ ನೂನಾವುಟ್ ಎಂಬ ಪ್ರಾಂತವಿದೆ. 'ನಮ್ಮ ನೆಲ' ಎಂಬುದು ಆ ಹೆಸರಿನ ಅರ್ಥ. ಅದರ ವಿಸ್ತಾರ ಸುಮಾರು 20 ಲಕ್ಷ ಚದರ ಕಿಲೋಮೀಟರು. ಎಂದರೆ ಕರ್ನಾಟಕದ ಹತ್ತು ಪಾಲಿಗೂ ಮೀರಿದ್ದು. ಜನಸಂಖ್ಯೆಯೋ, 2021ರ ಗಣತಿಯಂತೆ 36,858 ಮಾತ್ರ. ಇವರಲ್ಲಿ ನೂರಕ್ಕೆ ಸುಮಾರು 85 ಮಂದಿ ಅಲ್ಲಿಯ ಮೂಲನಿವಾಸಿಗಳಾದ ಇನುಯಿಟ್ ಜನ. ಭೂಗೋಳದ ಪಾಠಗಳಲ್ಲಿ ಎಸ್ಕಿಮೋ ಎಂದು ನಾವು ಓದುತ್ತಿದ್ದುದು ಇವರನ್ನೇ. ಆ ಹೆಸರನ್ನು ಅವರು ಒಲ್ಲರು. ಇರುವ ಊರುಗಳು 25. ಒಂದರಿಂದ ಇನ್ನೊಂದಕ್ಕೆ ರಸ್ತೆಯಿಲ್ಲ. ಬೇಸಗೆಯಲ್ಲಿ ಮಂಜುಗಡ್ಡೆ ಕರಗಿದಾಗ ಹಡಗು ಬರುತ್ತದೆ. ಉಳಿದ ಕಾಲವೆಲ್ಲ ವಿಮಾನವೇ ಗತಿ.

ಈ ಜನ ಅಕ್ಷರವಿಲ್ಲದವರೆಂದು ತಿಳಿಯಬಾರದು. ಅವರ ಇನುಕ್ಟಿಟುಟ್ ಭಾಷೆಯನ್ನು ಬರೆಯುವ ಲಿಪಿಯಲ್ಲಿ ವ್ಯಂಜನಕ್ಕೊಂದು ಆಕಾರ. ಆ ಆಕಾರವನ್ನು ತಿರುಗಿಸಿ ಬರೆದರೆ ಸ್ವರ ಬೇರೆಯಾಗುತ್ತದೆ. ಕಾಗುಣಿತ ಕಲಿಸುವ ನಮಗೆ ಇದು ತೀರ ಅಪರಿಚಿತವಾಗಿ ತೋರದು. ಆದರೂ ಇವರ ಮೇಲೆ ನಡೆದ ದೊರೆತನ ಎಂಥದು? 1940ರ ದಶಕದಿಂದ ಸುಮಾರು ಮೂವತ್ತು ವರ್ಷ ಕಾಲ ಸರ್ಕಾರವು ಒಬ್ಬೊಬ್ಬರಿಗೂ ಅಂಕೆ ಬರೆದ ಬಿಲ್ಲೆಯೊಂದನ್ನು ಕೊಟ್ಟಿತ್ತು. ಕಡತದಲ್ಲಿ ಮನುಷ್ಯನ ಗುರುತು ಅವನ ಹೆಸರಲ್ಲ, ಆ ಅಂಕೆ. ಮಕ್ಕಳನ್ನು ತಾಯ್ತಂದೆಗಳಿಂದ ಬಿಡಿಸಿ ವಸತಿಶಾಲೆಗಳಿಗೆ ಒಯ್ದರು. ಅಲ್ಲಿ ಸ್ವಭಾಷೆಯಾಡುವುದೇ ತಪ್ಪಾಯಿತು. ವಸತಿಶಾಲೆಗಳ ಈ ಅನ್ಯಾಯಕ್ಕಾಗಿ ಕೆನಡಾದ ಪ್ರಧಾನಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದ್ದು 2008ರಲ್ಲಿ.

ಇಷ್ಟನ್ನು ಸಹಿಸಿದ ಜನ ಬಂದೂಕು ಹಿಡಿಯಲಿಲ್ಲ. 1976ರಲ್ಲಿ ತಮ್ಮ ಬೇಡಿಕೆಯನ್ನು ಮುಂದಿಟ್ಟರು. 1993ರಲ್ಲಿ ಭೂಮಿಯ ಒಪ್ಪಂದಕ್ಕೆ ಸಹಿಯಾಯಿತು. 1999ರ ಏಪ್ರಿಲ್ 1ರಂದು ನೂನಾವುಟ್ ಪ್ರತ್ಯೇಕ ಪ್ರಾಂತವಾಯಿತು. ಅಲ್ಲಿ ಎಲ್ಲ ನಿವಾಸಿಗಳಿಗೂ ಮತವುಂಟು; ಆದರೆ ಬಹುಸಂಖ್ಯಾತರು ಇನುಯಿಟ್ ಜನರೇ. ಶಾಸನಸಭೆಯಲ್ಲಿ ಪಕ್ಷಗಳಿಲ್ಲ, ಸದಸ್ಯರು ಕೂಡಿ ತಮ್ಮೊಳಗಿನಿಂದಲೇ ಮುಖ್ಯಮಂತ್ರಿಯನ್ನು ಆರಿಸುತ್ತಾರೆ. ಇದು ಅಸಾಮಾನ್ಯ ಸಾಧನೆ. ಇದಕ್ಕೆ ನಾವು ತಲೆಬಾಗುತ್ತೇವೆ.

ಆದರೆ ಸ್ವರಾಜ್ಯದ ಬೆಲೆ ಗೊತ್ತಾಗುವುದು ಸಭಾಭವನದಲ್ಲಲ್ಲ. ಆಸ್ಪತ್ರೆಯಲ್ಲಿ, ಕಛೇರಿಯಲ್ಲಿ, ಶಾಲೆಯಲ್ಲಿ. ಇಡೀ ಪ್ರಾಂತಕ್ಕೆ ಆಸ್ಪತ್ರೆಯೊಂದೇ; ಅದು ರಾಜಧಾನಿಯಾದ ಇಕಾಲುಯಿಟ್‌ನಲ್ಲಿದೆ. ಉಳಿದ ಊರುಗಳಲ್ಲಿರುವುದು ದಾದಿಯರು ನಡೆಸುವ ಆರೋಗ್ಯಕೇಂದ್ರ. ಎಷ್ಟೋ ಊರುಗಳ ಗರ್ಭಿಣಿಯರು ಹೆರಿಗೆಗೆ ಕೆಲವು ವಾರ ಮುಂಚೆಯೇ ವಿಮಾನ ಹತ್ತಿ ಪರಸ್ಥಳಕ್ಕೆ ಹೋಗಬೇಕು. ಮರೆವಿನ ರೋಗ ಹಿಡಿದ ಮುದುಕರನ್ನು ಸುಮಾರು ಎರಡು ಸಾವಿರ ಕಿಲೋಮೀಟರು ದೂರದ ಒಟ್ಟಾವಾ ನಗರಕ್ಕೆ ಕಳುಹಿದ್ದುಂಟು. ತನ್ನ ಮಾತನ್ನು ಅರಿಯದವರ ನಡುವೆ ಕೊನೆಗಾಲ ಕಳೆಯುವ ಅಜ್ಜಿಗೆ 'ನಮ್ಮ ನೆಲ' ಎಂಬ ಹೆಸರಿನಿಂದ ಏನು ಸುಖ?

ಕಛೇರಿಯ ಮಾತು ಕೇಳಿ. ಸರ್ಕಾರಿ ನೌಕರಿಯಲ್ಲಿ ಇನುಯಿಟ್ ಜನರಿಗೆ ಅವರ ಜನಸಂಖ್ಯೆಗೆ ತಕ್ಕ ಪಾಲು ದೊರೆಯಬೇಕೆಂಬುದು 1993ರ ಒಪ್ಪಂದದ 23ನೆಯ ಅಧ್ಯಾಯ. 2006ರಲ್ಲಿ ಹಿಂದಿನ ನ್ಯಾಯಾಧೀಶ ಥಾಮಸ್ ಬರ್ಜರ್ ಅವರು ಇದನ್ನು ಪರಿಶೀಲಿಸಿ ವರದಿಯಿತ್ತರು. ಆಗ ಕಂಡ ಪಾಲು ನೂರಕ್ಕೆ 45; ಅದರಲ್ಲಿಯೂ ಹೆಚ್ಚಿನವರು ಕೆಳಗಿನ ದರ್ಜೆಯವರು. ಕಾರಣವನ್ನು ಬರ್ಜರ್ ಅವರು ಕಛೇರಿಯಲ್ಲಿ ಹುಡುಕಲಿಲ್ಲ, ಶಾಲೆಯಲ್ಲಿ ಕಂಡರು. ಮೊದಲ ಮೂರು ನಾಲ್ಕು ತರಗತಿ ಮಾತೃಭಾಷೆಯಲ್ಲಿ ಕಲಿತ ಮಗುವನ್ನು ಒಮ್ಮೆಲೇ ಇಂಗ್ಲಿಷಿಗೆ ದೂಡುವರು. ತನ್ನ ಭಾಷೆ ಬಲಿಯಲಿಲ್ಲ, ಪರಭಾಷೆ ಕೈಗೆ ಹತ್ತಲಿಲ್ಲ. ಹೀಗಾಗಿ ಪ್ರೌಢಶಾಲೆ ಮುಗಿಸುತ್ತಿದ್ದ ಇನುಯಿಟ್ ಮಕ್ಕಳು ನೂರಕ್ಕೆ 25 ಮಾತ್ರ. ಶಾಲೆ ಮುಗಿಸದವನು ವೈದ್ಯನಾಗುವುದೆಂತು, ಅಧಿಕಾರಿಯಾಗುವುದೆಂತು, ಅಧ್ಯಾಪಕನಾಗುವುದೆಂತು?

ಈ ವರದಿಯ ಬಳಿಕ, 2008ರಲ್ಲಿ, ನೂನಾವುಟ್ ಶಾಸನಸಭೆ ಶಿಕ್ಷಣದ ಕಾಯಿದೆಯನ್ನೂ ಭಾಷಾರಕ್ಷಣೆಯ ಕಾಯಿದೆಯನ್ನೂ ಮಾಡಿತು. ಎಲ್ಲ ತರಗತಿಗಳಲ್ಲಿಯೂ ಇನುಯಿಟ್ ಭಾಷೆಯಲ್ಲಿ ಪಾಠ ನಡೆಯಬೇಕು, 2019ರ ಒಳಗೆ ಆಗಬೇಕು ಎಂದು ಮಾತು ಕೊಟ್ಟಿತು. ಮಾತು ಕೊಟ್ಟವರು ಪರಕೀಯರಲ್ಲ, ಆ ಜನರೇ ಆರಿಸಿದ ಸರ್ಕಾರ. ಗಡುವು ಬಂತು, ಅಧ್ಯಾಪಕರಿರಲಿಲ್ಲ. 2020ರಲ್ಲಿ ಅದೇ ಸಭೆ ಕಾಯಿದೆಯನ್ನು ತಿದ್ದಿ ಗಡುವನ್ನು 2039ಕ್ಕೆ ತಳ್ಳಿತು. ಅದೂ ಮೇಲಿನ ತರಗತಿಗಳಲ್ಲಿ ಭಾಷೆಯನ್ನೊಂದು ಪಾಠವಾಗಿ ಕಲಿಸುವುದಕ್ಕೆ. ಎಲ್ಲ ವಿಷಯಗಳ ಬೋಧನೆಗಲ್ಲ. 2008ರಲ್ಲಿ ಶಾಲೆಗೆ ಸೇರಿದ ಮಗು 2039ಕ್ಕೆ ತನ್ನ ಮಗುವಿನ ಕೈಹಿಡಿದು ಶಾಲೆಗೆ ಹೋಗುವ ವಯಸ್ಸಿನದಾಗಿರುತ್ತದೆ. ಇದು ಗಡುವಿನ ಮುಂದೂಡಿಕೆಯಲ್ಲ; ಒಂದು ತಲೆಮಾರನ್ನೇ ಕೈಬಿಟ್ಟದ್ದು. ಇನುಯಿಟ್ ಜನರ ಹಕ್ಕುಗಳನ್ನು ನೋಡಿಕೊಳ್ಳುವ ಸಂಸ್ಥೆ 2021ರಲ್ಲಿ ತಮ್ಮದೇ ಸರ್ಕಾರದ ಮೇಲೆ ನ್ಯಾಯಾಲಯಕ್ಕೆ ಹೋಗಬೇಕಾಯಿತು.

ದೋಷವೆಲ್ಲವೂ ಆ ಸಣ್ಣ ಸರ್ಕಾರದ್ದೆಂದು ನಾವು ಹೇಳುತ್ತಿಲ್ಲ. ಅದರ ಬೊಕ್ಕಸಕ್ಕೆ ಬಹುಪಾಲು ಹಣ ಒಟ್ಟಾವಾದಿಂದಲೇ ಬರಬೇಕು. ಒಪ್ಪಂದವನ್ನು ನಡೆಸಿಕೊಡಲಿಲ್ಲವೆಂದು ಕೇಂದ್ರ ಸರ್ಕಾರದ ಮೇಲೆ ಹೂಡಿದ ದಾವೆ 2015ರಲ್ಲಿ 25 ಕೋಟಿ 55 ಲಕ್ಷ ಡಾಲರುಗಳಿಗೆ ರಾಜಿಯಾಯಿತೆಂಬುದೇ ಕೇಂದ್ರದ ತಪ್ಪಿಗೆ ಸಾಕ್ಷಿ. ಆದರೂ 'ಅಧ್ಯಾಪಕರಿಲ್ಲ, ಆದುದರಿಂದ ಪಾಠವಿಲ್ಲ' ಎಂಬ ಉತ್ತರವನ್ನು ನಾವು ಒಪ್ಪೆವು. ಅಧ್ಯಾಪಕರು ಮಳೆಯಂತೆ ಆಕಾಶದಿಂದ ಬೀಳುವವರಲ್ಲ. 2019ಕ್ಕೆ ಬೇಕಾದ ಅಧ್ಯಾಪಕರನ್ನು 2008ರಲ್ಲಿಯೇ ಎಣಿಸಬೇಕಿತ್ತು, ಆಗಲೇ ತರಬೇತಿಗೆ ಕೂರಿಸಬೇಕಿತ್ತು. ಬಿತ್ತದವನು ಸುಗ್ಗಿಯಲ್ಲಿ ಕಣಕ್ಕೆ ಬಂದು 'ಬೆಳೆಯಿಲ್ಲ' ಎಂದರೆ ಅದನ್ನು ಕಾರಣವೆನ್ನಬಹುದೆ?

'ಅಷ್ಟು ಸಣ್ಣ ಜನಕ್ಕೆ ಇದು ಸಾಧ್ಯವಿತ್ತೆ?' ಎಂಬವರಿಗೆ ನಮ್ಮ ಉತ್ತರ ನೆರೆಯ ಗ್ರೀನ್‌ಲ್ಯಾಂಡ್. ಅಲ್ಲಿರುವುದೂ ಇನುಯಿಟ್ ಜನರೇ. ಒಟ್ಟು ಜನಸಂಖ್ಯೆ ಸುಮಾರು 56 ಸಾವಿರ. ಡೆನ್ಮಾರ್ಕಿನ ಆಳ್ವಿಕೆಯಲ್ಲಿಯೇ 1845ರಲ್ಲಿ ಅಲ್ಲಿ ಉಪಾಧ್ಯಾಯರ ತರಬೇತಿಶಾಲೆ ತೆರೆಯಿತು. 1861ರಲ್ಲಿ ಅವರ ಭಾಷೆಯಲ್ಲಿಯೇ ಪತ್ರಿಕೆಯೊಂದು ಹೊರಟಿತು. ಎಂದರೆ ನಮ್ಮ 'ಮಂಗಳೂರ ಸಮಾಚಾರ' ಹೊರಟ ಹದಿನೆಂಟು ವರ್ಷಗಳಿಗೆ. 1950 ಮತ್ತು 60ರ ದಶಕಗಳಲ್ಲಿ ಡೆನ್ಮಾರ್ಕಿನಿಂದ ಅಧ್ಯಾಪಕರನ್ನು ತಂದು ಡೇನಿಷ್ ಭಾಷೆಯನ್ನು ಹೇರುವ ಯತ್ನ ನಡೆಯಿತು. ಆದರೆ ಬೇರು ಸಾಯಲಿಲ್ಲ. 1979ರಲ್ಲಿ ಗೃಹಾಡಳಿತ ಬಂದಾಗ ಶಾಲೆಯನ್ನು ಮರಳಿ ಸ್ವಭಾಷೆಗೆ ತಿರುಗಿಸಲು ಅವರಿಗೆ ತಮ್ಮವರೇ ಆದ ಉಪಾಧ್ಯಾಯರಿದ್ದರು. 2009ರಲ್ಲಿ ಸ್ವಯಮಾಡಳಿತ ವಿಸ್ತರಿಸಿದಾಗ ಅವರ ಭಾಷೆಯೊಂದೇ ರಾಜಭಾಷೆಯಾಯಿತು. ಉನ್ನತ ವಿದ್ಯೆಗೆ ಅಲ್ಲಿಯೂ ಡೇನಿಷ್ ಬೇಕಾಗುತ್ತದೆ, ವೈದ್ಯರು ಅಲ್ಲಿಯೂ ಹೊರಗಿನಿಂದ ಬರುತ್ತಾರೆ. ಅದನ್ನು ನಾವು ಮರೆಮಾಡುವುದಿಲ್ಲ. ಆದರೆ ಅಲ್ಲಿ ಗುರು ಮೊದಲು ಬಂದ, ಸರ್ಕಾರ 134 ವರ್ಷ ತಡವಾಗಿ ಬಂತು, ಭಾಷೆ ಉಳಿಯಿತು. ನೂನಾವುಟ್‌ನಲ್ಲಿ ಸರ್ಕಾರ ಬಂತು, ಗುರು ಸಾಲದೆ ಹೋದ, ಮಾತು ಮುರಿಯಿತು.

ಗಡಿನಾಡಿನ ನಮಗೆ ಇದರಿಂದ ತಿಳಿಯಬೇಕಾದುದುಂಟು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ನಮ್ಮ ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತಿದೆ. ಹೀಗಿದ್ದೂ ಕನ್ನಡ ಬಾರದವರನ್ನು ಕನ್ನಡ ಶಾಲೆಗೆ ನೇಮಿಸಿದ್ದನ್ನು ನಾವು ಕಂಡಿಲ್ಲವೆ? ಆಗಲೂ ಕೇಳಿಬಂದ ಉತ್ತರ ಅದೇ: 'ತಕ್ಕವರು ಸಿಗಲಿಲ್ಲ.' ಕಾಗದದ ಮೇಲಿನ ಹಕ್ಕು ಪಾಠ ಹೇಳಲಾರದು. ಮನವಿ ಬರೆಯೋಣ, ಬೇಡವೆನ್ನುವುದಿಲ್ಲ. ಆದರೆ ಮನವಿಯೊಡನೆ ಲೆಕ್ಕವೂ ಇರಲಿ: ನಮ್ಮ ಶಾಲೆಗಳಲ್ಲಿ ಮುಂದಿನ ಹತ್ತು ವರ್ಷಗಳಲ್ಲಿ ನಿವೃತ್ತರಾಗುವವರೆಷ್ಟು, ಅವರ ಸ್ಥಾನಕ್ಕೆ ತರಬೇತಿ ಪಡೆಯುತ್ತಿರುವ ಕನ್ನಡದ ಹುಡುಗ ಹುಡುಗಿಯರೆಷ್ಟು? ಈ ಎರಡು ಅಂಕೆಗಳನ್ನು ಒಂದೊಂದು ಶಾಲೆಯೂ ಬರೆದಿಡಬೇಕು, ಸಂಘವು ಕೂಡಿಸಬೇಕು, ಅಧಿಕಾರಿಗಳ ಮುಂದಿಡಬೇಕು.

ವಿದ್ಯಾರ್ಥಿಗಳೇ, ಉಪಾಧ್ಯಾಯಗಿರಿಯನ್ನು ಬೇರೇನೂ ದೊರೆಯದವರ ಕೆಲಸವೆಂದು ಹೀಗಳೆಯುವವರ ಮಾತಿಗೆ ಕಿವಿಗೊಡಬೇಡಿರಿ. ಇಂದು ಹತ್ತನೆಯ ತರಗತಿಯಲ್ಲಿ ಕುಳಿತಿರುವ ನಿಮ್ಮೊಳಗಿಂದ ನಾಲ್ವರಾದರೂ ತರಬೇತಿಶಾಲೆಯ ಮೆಟ್ಟಿಲು ಹತ್ತದಿದ್ದರೆ, ನಾವು ಬಿಟ್ಟುಹೋಗುವ ಕರಿಹಲಗೆಯ ಮುಂದೆ ನಿಂತು ಕನ್ನಡ ಬರೆಯುವವರು ಯಾರು?